ಇಸ್ತ್ರಿ ಹಾಕಿದ ದಿಬ್ಬ

ಗಣಿ ಕಾಲೊನಿ, ಕೊನೆಯ ಸಾಲಿನ ಮನೆ
ಮೇ ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ಅತ್ತೇ,

ಹೇಗಿದ್ದೀರಿ? ನಿದ್ದೆಯಾದರೂ ಆಗುತ್ತಿದೆಯೇ? ಒಂದು ಕೂಸಿರುವ ಮನೆಯಲ್ಲೇ ಹಗಲು ಯಾವುದು ರಾತ್ರಿ ಯಾವುದು ತಿಳಿಯುವುದಿಲ್ಲ, ನಿಮ್ಮಲ್ಲಿ ಎರಡೆರಡು. ಒಂದು ಮಲಗುವುದನ್ನೇ ಕಾದು ಇನ್ನೊಂದು ಪಾಳಿಗೆ ಬಂದವರ ಹಾಗೆ ಏಳುತ್ತದೆ ಎಂದು ನಾದಿನಿ ಹೇಳುತ್ತಿದ್ದಳು. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ‘ಮರೆತೇ ಹೋಯ್ತು ಕಣೇ’ ಎನ್ನುವ ನಿಮ್ಮ ಮಾತು ನನ್ನ ಹತ್ತಿರ ನಡೆಯುವುದಿಲ್ಲ, ಮಗಳ ಹತ್ತಿರ ನಡೆಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನಿಮ್ಮ ಮಗ ಎಂದಿನಂತೆ ಪಂಪು ರಿಪೇರಿ ಮಾಡುತ್ತ, ಮೈಗೆಲ್ಲ ಗ್ರೀಸು ಬಳಿದುಕೊಂಡು, ಅದೇ ಕೈಯಲ್ಲಿ ಮನೆಯ ಬಾಗಿಲುಗಳನ್ನೆಲ್ಲ ಮುಟ್ಟುತ್ತ ಸುಖವಾಗಿದ್ದಾರೆ. ನೀವಿಲ್ಲದೆ ಅವರನ್ನು ಬೈಯುವ ಕೆಲಸವೂ ನನ್ನ ತಲೆಗೇ ಬಂದಿದೆ. ಮೊದಲು ಇಬ್ಬರೂ ಹಂಚಿಕೊಳ್ಳುತ್ತಿದ್ದೆವು.

ಫೋನಿನಲ್ಲಿ ನೀವು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಲಾಗಲಿಲ್ಲ. ಮಾವ ಪಕ್ಕದ ಕುರ್ಚಿಯಲ್ಲೇ ಕೂತು, ಕೇಳಿಸಿಕೊಳ್ಳದವರ ಹಾಗೆ ಗೋಡೆ ನೋಡುತ್ತಿದ್ದರು. ಕೇಳಿಸಿಕೊಳ್ಳುವಾಗ ಅವರು ನೋಡುವುದೇ ಗೋಡೆಯನ್ನು ಎಂದು ನಿಮಗೆ ಹೇಳಬೇಕೆ? ನಾದಿನಿ ನಿಮ್ಮಿಬ್ಬರನ್ನೂ ಅಲ್ಲೇ ಇದ್ದುಬಿಡಿ ಎನ್ನುತ್ತಿದ್ದಾಳೆ. ಹಿಂದಿನ ಕೋಣೆಗೆ ಬಣ್ಣವನ್ನೂ ಹೊಡೆಸಿದ್ದಾಳೆ. ನಿಮಗೂ ಅರ್ಧ ಮನಸ್ಸಾಗಿದೆ. ‘ಗಣಿ ಮುಚ್ಚಿದ ಮೇಲೆ ಅಲ್ಲೇನಿದೆ ಹೇಳು, ಕಿಟಕಿ ತೆಗೆದ್ರೆ ಆ ಬೂದು ಗುಡ್ಡೆ, ಮುಚ್ಚಿದ್ರೆ ನಿಮ್ಮ ಮಾವನ ಮೂತಿ’ ಎಂದು ನಕ್ಕಿರಿ. ಅದು ನನಗೆ ನಗುವಿನ ಹಾಗೆ ಕೇಳಿಸಲಿಲ್ಲ. ನಿಮ್ಮ ಜೊತೆ ಜಗಲಿಯಲ್ಲಿ ಕೂರುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಬೇರೆ ಊರು ಸೇರಿದ್ದು ನನಗೂ ಗೊತ್ತು. ಮಾವನ ಮನಸ್ಸಿನಲ್ಲಿ ಏನಿದೆ ಕೇಳಿ ಬರೆ, ನನ್ನ ಹತ್ತಿರ ‘ಹೂಂ’ ಬಿಟ್ಟರೆ ಬೇರೆ ಮಾತಿಲ್ಲ ಎಂದಿರಿ. ಅವತ್ತೇ ಕೇಳಿದೆ. ‘ನೋಡೋಣ ಕಣಮ್ಮ’ ಎಂದರು. ನಿಮಗೆ ಒಂದು ಮಾತು, ನನಗೆ ಎರಡು. ಮತ್ತೆ ಕೇಳೋಣವೆಂದುಕೊಳ್ಳುವಷ್ಟರಲ್ಲಿ ಇಲ್ಲಿ ಒಂದು ರಾಮಾಯಣವೇ ಆಗಿಹೋಯಿತು. ಅದನ್ನು ಮೊದಲು ಹೇಳದೆ ಅವರ ಉತ್ತರ ಬರೆದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಕೂಸುಗಳು ಮಲಗಿದ್ದಾಗ ಓದಿ.

ನೀವು ಹೊರಟಾಗ ಗಣಿಯ ಮಣ್ಣುಗುಡ್ಡೆ ಚೂಪಾಗಿಯೇ ಇತ್ತು. ಆಮೇಲೆ ಬುಲ್ಡೋಜರು ಬಂದು ಅದರ ಭುಜಗಳನ್ನು ತಳ್ಳಿ ತಳ್ಳಿ ಇಳಿಜಾರು ಮಾಡಿತು. ಈಗ ಅದು ಗುಡ್ಡೆಯಲ್ಲ, ಅಗಲವಾಗಿ ಮಲಗಿದ ದಿಬ್ಬ. ಗಣಿ ತೋಡುವಾಗ ಮೊದಲು ತೆಗೆದ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿದ್ದರಲ್ಲ, ಅದನ್ನು ತಂದು ಮೇಲೆ ತೆಳ್ಳಗೆ ಹರಡಿದರು. ಇನ್ನು ಉಳಿದದ್ದು ಅದರ ಮೇಲೆ ಮತ್ತೆ ಕಾಡುಗಿಡ ಎಬ್ಬಿಸುವುದು, ಅದು ನನ್ನ ಕೆಲಸ ಮತ್ತು ಮಾವನ ಕೆಲಸ. ಅವರು ಓಡಿಸುವ, ರಸ್ತೆ ಸಮ ಮಾಡುವ ಗ್ರೇಡರು ಯಂತ್ರಕ್ಕೆ ಹೊಟ್ಟೆಯ ಕೆಳಗೆ ಉದ್ದನೆಯ ಅಲಗು, ಹಿಂದೆ ಕಬ್ಬಿಣದ ಉಗುರುಗಳು. ಅಲಗು ನೆಲ ಸವರುವುದಕ್ಕೆ, ಉಗುರು ನೆಲ ಕೆದರುವುದಕ್ಕೆ. ದಿಬ್ಬಕ್ಕೆ ಬೇಕಾದದ್ದು ಉಗುರು. ಇಳಿಜಾರಿಗೆ ಅಡ್ಡಲಾಗಿ, ಮಟ್ಟ ತಪ್ಪದಂತೆ ಸಾಲು ಹೊಡೆಯಬೇಕು. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಬಂದರೆ ಸಾಲಗಾರನ ಹಾಗೆ ಬಂದು ಓಡಿಹೋಗುತ್ತದೆ. ನೆಲ ಒರಟಾಗಿದ್ದರೆ ಆ ನೀರು ಗುಂಡಿ ಗುಂಡಿಯಲ್ಲಿ ನಿಂತು ಇಂಗುತ್ತದೆ, ಬೀಜವೂ ಅಲ್ಲೇ ಉಳಿಯುತ್ತದೆ. ಮೇಲೆ ಕಲ್ಲು, ಒಣ ಕೊಂಬೆ ಎಲ್ಲ ಚೆಲ್ಲಾಪಿಲ್ಲಿ ಬಿದ್ದಿದ್ದರೆ ಗಾಳಿಗೂ ಅಡ್ಡ, ಬಿಸಿಲಿಗೂ ನೆರಳು. ಮಾವ ಹಲ್ಲು ಕಚ್ಚಿ ಸಾಲು ಹೊಡೆದರು, ನಾವು ಹೆಂಗಸರು ಬಿತ್ತಿದೆವು. ಬೀಜವೆಂದರೆ ಯಾವುದು ಗೊತ್ತೇ? ನಾವಿಬ್ಬರೂ ಜಗಲಿಯಲ್ಲಿ ಕೂತು ಸುಲಿದದ್ದು, ನಿಮ್ಮ ಉಗುರಿನ ಸಂದಿಯಿಂದ ನಾನು ಮುಳ್ಳು ತೆಗೆದದ್ದು, ಅದೇ ಬೀಜ. ಹೊಗೆ ತಾಕದೆ ಮೊಳೆಯುವುದಿಲ್ಲವೆಂದು ಹಿತ್ತಲಿನ ಡ್ರಮ್ಮಿನಲ್ಲಿ ಅವಕ್ಕೆ ಹೊಗೆ ಹಿಡಿಸಿದೆ. ಸೊಸೆ ಇವತ್ತೂ ಅನ್ನ ಸೀಯಿಸಿದಳು ಎಂದು ಪಕ್ಕದ ಮನೆಯವರು ಮಾತಾಡಿಕೊಂಡರಂತೆ. ಆಡಿಕೊಳ್ಳುವವರ ಬಾಯಿ ಮುಚ್ಚಲು ನಾನೇನು ಮುಚ್ಚಳವೇ? ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ, ಆ ಗೀರು ಗೀರಾದ ದಿಬ್ಬ ನನ್ನ ಕಣ್ಣಿಗೆ ಚಿನ್ನದ ಹಾಗೆ ಕಂಡಿತು.

ಮಾವನ ಕಣ್ಣಿಗೆ ಹಾಗೆ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಗಣಿಯಲ್ಲೆಲ್ಲ ಅವರಿಗೆ ‘ಇಸ್ತ್ರಿ’ ಎಂದೇ ಹೆಸರು. ಮುಂದೆ ಟೀ ಲೋಟ ಇಟ್ಟುಕೊಂಡು ಲಾರಿ ಓಡಿಸಿದರೂ ಒಂದು ಹನಿ ತುಳುಕದ ರಸ್ತೆ ಅವರದು ಎಂದು ಡ್ರೈವರುಗಳು ಇವತ್ತಿಗೂ ಹೇಳುತ್ತಾರೆ. ಅಂಥವರಿಗೆ ನೆಲ ಕೆದರಿ ಹಾಗೇ ಬಿಡು ಎಂದರೆ, ನಿಮಗೆ ಮುಸುರೆ ತಿಕ್ಕದೆ ಮಲಗು ಎಂದ ಹಾಗೆ. ಆದರೂ ನಾನು ಹೇಳಿದೆನೆಂದು ಬಾಯಿ ಮುಚ್ಚಿಕೊಂಡು ಮಾಡಿದರು. ಅಷ್ಟರಲ್ಲಿ ಏಪ್ರಿಲ್ ಕೊನೆಯ ಸೋಮವಾರ ಕೆಲಸ ನೋಡಲು ತಪಾಸಣೆಯವರು ಬರುತ್ತಾರೆಂದು ಸುದ್ದಿ ಬಂತು. ನಾನು ಇನ್ನಿಬ್ಬರು ಹೆಂಗಸರ ಜೊತೆ ದೂರದ ಕುರುಚಲು ಕಾಡಿಗೆ ಹುಲ್ಲಿನ ಬೀಜ ತರಲು ಹೋಗಿದ್ದೆ, ಅಲ್ಲೇ ಒಂದು ರಾತ್ರಿ ಉಳಿದೆವು. ವಾಪಸು ಬರುವಾಗ ಲಾರಿಯ ಕಿಟಕಿಯಿಂದ ದಿಬ್ಬ ಕಂಡಿತು. ಒಂದು ಗೀರಿಲ್ಲ, ಒಂದು ಕಲ್ಲಿಲ್ಲ. ಬುಡದಿಂದ ನೆತ್ತಿಯ ತನಕ ನುಣುಪು. ಒಣ ಕೊಂಬೆಗಳನ್ನೆಲ್ಲ ಒಂದು ಬದಿಗೆ ಉದ್ದಕ್ಕೆ ಜೋಡಿಸಿ ಅಡುಗೆಮನೆಯ ಸೌದೆಯ ಹಾಗೆ ಇಟ್ಟಿದ್ದಾರೆ. ಮಾವ ಬುಡದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದರು, ಮುಖವೆಲ್ಲ ಅರಳಿತ್ತು. ‘ಹೇಗಿದೆ? ಇನ್ನು ಯಾರು ಬಂದ್ರೂ ನಿನ್ನ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ’ ಎಂದರು.

ಅತ್ತೇ, ನಾನು ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಬೀಜವೆಲ್ಲ ಅಲಗಿನ ಕೆಳಗೆ ಸಿಕ್ಕಿ ಮಣ್ಣಿನ ಜೊತೆ ಬದಿಗೆ ಹೋಗಿತ್ತು, ಉಳಿದದ್ದು ಚಕ್ರದ ಕೆಳಗೆ ಗಟ್ಟಿ ಕೂತಿತ್ತು. ನಾನು ಅಳುವುದನ್ನು ಕಂಡು ಅವರ ಮುಖ ಎಷ್ಟು ಚಿಕ್ಕದಾಯಿತೆಂದರೆ, ಬೈದಿದ್ದರೇ ವಾಸಿಯಿತ್ತು. ‘ಬಿತ್ತಿ ಆಯ್ತಲ್ಲ, ಇನ್ನು ಮುಚ್ಚಬೇಕು ಅಂದ್ಕೊಂಡೆ. ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಹಾಸಿಗೆಯಾದ್ರೂ ಸರಿ ಮಾಡಲ್ವೇನಮ್ಮ’ ಎಂದರು. ನನ್ನ ಜೊತೆ ಬಂದಿದ್ದ ಹೆಂಗಸೊಬ್ಬಳು ವಿಷಯ ಬಿಡಿಸಿ ಹೇಳಿದಳು. ‘ಎಲ್ಲಾ ಹೋಯ್ತಾ?’ ಎಂದು ಒಂದೇ ಮಾತು ಕೇಳಿದರು. ಅರ್ಧ ಬೀಜ ಇನ್ನೂ ಕೋಣೆಯ ಡಬ್ಬಗಳಲ್ಲಿತ್ತು, ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳಲೂ ನನಗೆ ಆಗಲಿಲ್ಲ. ಯಂತ್ರದ ಕೀಲಿಯನ್ನು ಮೇಲ್ವಿಚಾರಕರ ಕೈಗಿಟ್ಟು, ತಲೆ ತಗ್ಗಿಸಿ ಮನೆಗೆ ನಡೆದುಬಿಟ್ಟರು.

ಆ ಸೋಮವಾರ ತಪಾಸಣೆಯವರು ಬಂದರು. ಅವರಲ್ಲೊಬ್ಬರು ‘ಆಹಾ, ಏನು ಅಚ್ಚುಕಟ್ಟು’ ಎಂದು ಫೋಟೋ ಹೊಡೆದುಕೊಂಡರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಜೊತೆಯಿದ್ದ ವಯಸ್ಸಾದ ಹೆಂಗಸು ಮಾತ್ರ ಬಾಟಲಿಯ ನೀರನ್ನು ನೆಲಕ್ಕೆ ಸುರಿದು, ಅದು ಸರ್ರನೆ ಕೆಳಗೆ ಓಡುವುದನ್ನು ನೋಡಿ, ‘ಮಳೆಗೆ ಮುಂಚೆ ಇದನ್ನ ಮತ್ತೆ ಕೆದರಿಸಿ, ಇಲ್ಲಾಂದ್ರೆ ಹಾಕಿರೋ ಮೇಲ್ಮಣ್ಣೂ ಉಳಿಯಲ್ಲ’ ಎಂದರು. ಹೌದು, ಬೀಜವಾದರೆ ಇನ್ನೊಂದು ವರ್ಷ ಆರಿಸಬಹುದು. ಆ ಮಣ್ಣು ಕೊಚ್ಚಿಹೋದರೆ ಎಲ್ಲಿಂದ ತರುವುದು? ಗಣಿ ಅಗೆದವರು ಉಳಿಸಿದ್ದೇ ಅಷ್ಟು.

ಮನೆಯಲ್ಲಿ ಮಾತಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಮಾವ ಸೊಸೆಯ ಜಗಳಕ್ಕೆ ಯಾರೂ ಗಾದೆಯನ್ನೇ ಮಾಡಿಲ್ಲ ನೋಡಿ. ನಿಜ ಹೇಳಬೇಕೆಂದರೆ ಅದು ಜಗಳವೂ ಅಲ್ಲ. ನನಗೆ ಸಿಟ್ಟು ಎರಡನೆಯ ದಿನಕ್ಕೇ ಇಳಿದಿತ್ತು. ಅವರಿಗೇ ನನ್ನ ಮುಖ ನೋಡಲಾಗುತ್ತಿರಲಿಲ್ಲ. ನಿಮ್ಮ ಮಗ ಮಧ್ಯೆ ಕೂತು ‘ಅಪ್ಪಾ, ಅವಳು ಊಟಕ್ಕೆ ಕರೀತಿದ್ದಾಳೆ’, ‘ಏ, ಅಪ್ಪ ಸಾಕು ಅಂತಿದ್ದಾರೆ’ ಎಂದು ಅಂಚೆಯವನ ಕೆಲಸ ಮಾಡಿದರು. ಮಾವ ಬೆಳಿಗ್ಗೆ ಎದ್ದು ಅಂಗಳ ಗುಡಿಸಿದರು, ಸಂಜೆ ಮತ್ತೆ ಗುಡಿಸಿದರು. ಅಷ್ಟು ಚೊಕ್ಕಟವಾದ ಅಂಗಳ ಈ ಕಾಲೊನಿಯಲ್ಲಿ ಯಾರೂ ಕಂಡಿಲ್ಲ, ಕಾಲಿಡಲು ಭಯವಾಗುತ್ತಿತ್ತು. ಕೆಲಸಕ್ಕೆ ಬನ್ನಿ ಎಂದು ಮೇಲ್ವಿಚಾರಕರು ಎರಡು ಸಲ ಮನೆಗೇ ಬಂದರು. ‘ನನ್ನ ಕೈ ಇಷ್ಟು ವರ್ಷ ಒಂದೇ ಕಲಿತಿದೆ ಸ್ವಾಮಿ, ನಂಬಬೇಡಿ ಅದನ್ನ’ ಎಂದು ವಾಪಸು ಕಳಿಸಿದರು. ಬೇರೆ ಕಡೆಯಿಂದ ಒಬ್ಬ ಡ್ರೈವರನ್ನು ಕರೆಸಿದರು. ಅವನು ಇಳಿಜಾರಿನಲ್ಲಿ ಒಂದು ಸಾಲು ಹೊಡೆಯುವಷ್ಟರಲ್ಲಿ ಚಕ್ರ ಜಾರಿತು. ‘ನನಗೂ ಹೆಂಡ್ತಿ ಮಕ್ಕಳಿದ್ದಾರೆ’ ಎಂದು ಇಳಿದು ಹೋದವನು ಹಿಂದಿರುಗಿ ನೋಡಲಿಲ್ಲ. ಅವನು ಹೊಡೆದ ಒಂದೇ ಒಂದು ಸಾಲೂ ಮಟ್ಟ ತಪ್ಪಿ ಕೆಳಗಿಳಿದಿತ್ತು.

ಕೊನೆಗೆ ನಾನೇ ಯಂತ್ರ ಹತ್ತಿದೆ. ನಗಬೇಡಿ. ಬುಡದಲ್ಲಿ ಸ್ವಲ್ಪ ಸಮತಟ್ಟು ಜಾಗವಿದೆಯಲ್ಲ, ಅಲ್ಲಿ ಕಲಿಯುತ್ತೇನೆಂದು ಮೇಲ್ವಿಚಾರಕರಿಗೆ ದುಂಬಾಲು ಬಿದ್ದೆ. ಅವರು ಕೆಳಗೆ ನಿಂತು ‘ಎಡಕ್ಕೆ! ಎಡಕ್ಕೇರೀ!’ ಎಂದು ಕೂಗುತ್ತಿದ್ದರು, ನಾನು ಬಲಕ್ಕೆ ಹೋಗುತ್ತಿದ್ದೆ. ಯಂತ್ರ ಒಂದು ಸಲ ಕೆಮ್ಮಿ ನಿಂತಿತು, ಇನ್ನೊಂದು ಸಲ ಗೇರು ಕಿರ್ರೆಂದು ಕಿರುಚಿತು. ನಮ್ಮ ಮನೆಯೋ ಕೊನೆಯ ಸಾಲಿನಲ್ಲಿದೆ, ಎಲ್ಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮಾವ ಬರುತ್ತಿದ್ದಾರೆ! ಕಾಲಿಗೆ ಬಚ್ಚಲಿನ ಚಪ್ಪಲಿ, ಹೆಗಲ ಮೇಲೆ ಟವೆಲು, ಒಂದು ಕೆನ್ನೆ ಬೋಳು, ಇನ್ನೊಂದು ಕೆನ್ನೆಯ ತುಂಬ ಸೋಪಿನ ನೊರೆ. ‘ಇಳಿ ಕೆಳಗೆ! ಅದು ಯಂತ್ರ ಕಣಮ್ಮ, ಒನಕೆ ಅಲ್ಲ!’ ಎಂದು ಗದರಿದರು. ಅಷ್ಟು ದಿನದ ಮೇಲೆ ನನಗೆ ಬಿದ್ದ ಆ ಬೈಗುಳ ಎಷ್ಟು ಹಿತವಾಗಿತ್ತೆಂದರೆ, ಇಳಿಯುತ್ತಲೇ ನಕ್ಕುಬಿಟ್ಟೆ. ಅವರು ಮೇಲೆ ಹತ್ತಿ ಕೂತು, ಸ್ಟೇರಿಂಗು ಸವರಿ, ನನ್ನ ಕಡೆ ನೋಡದೆ, ‘ಎಷ್ಟು ಒರಟು ಬೇಕು?’ ಎಂದು ಕೇಳಿದರು. ‘ನಿಮಗೆ ನೋಡಿದ್ರೆ ಹೇಸಿಗೆ ಆಗಬೇಕು ಮಾವ, ಅಷ್ಟು’ ಎಂದೆ. ‘ಇಷ್ಟು ಕೆಟ್ಟದಾಗಿ ಕೆಲಸ ಮಾಡೋಕೆ ನಲವತ್ತು ವರ್ಷ ಕಲಿತಿದ್ದೆಲ್ಲ ಮರೀಬೇಕಲ್ಲೇ’ ಎಂದು ಗೊಣಗಿ, ಅಲಗು ಎತ್ತಿ, ಉಗುರು ಇಳಿಸಿದರು.

ಆಮೇಲಿನ ದಿನಗಳಲ್ಲಿ ಮಾವನನ್ನು ನೀವು ನೋಡಬೇಕಿತ್ತು. ನಾನು ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿ ಗೂಟ ಹೊಡೆಯುವುದು, ಅವರು ಗೂಟ ಹಿಡಿದು ಅಡ್ಡಕ್ಕೆ ಸಾಲು ಹೊಡೆಯುವುದು. ಪ್ರತಿ ಸಾಲು ಮುಗಿದ ಮೇಲೆ ಇಳಿದು, ದಿಬ್ಬಕ್ಕೆ ಬೆನ್ನು ಹಾಕಿ, ಕಾಲೊನಿಯ ಕಡೆ ಮುಖ ಮಾಡಿ ಟೀ ಕುಡಿಯುತ್ತಿದ್ದರು. ‘ನೋಡಿದ್ರೆ ಕೈ ಸುಮ್ಮನಿರಲ್ಲ’ ಎನ್ನುತ್ತಿದ್ದರು. ಕೊಂಬೆಗಳನ್ನು ಮತ್ತೆ ಹರಡುವಾಗ ನನಗೆ ಕಾಣದ ಹಾಗೆ ಒಂದರ ಪಕ್ಕ ಒಂದು ನೇರವಾಗಿ ಇಡುತ್ತಿದ್ದರು, ನಾನು ಹಿಂದಿನಿಂದ ಬಂದು ಕಾಲಲ್ಲಿ ಒದ್ದು ಸೊಟ್ಟ ಮಾಡುತ್ತಿದ್ದೆ. ಉಳಿದ ಬೀಜವನ್ನೆಲ್ಲ ಬಿತ್ತಿದ್ದಾಯಿತು. ಮೊದಲಿನಷ್ಟು ದಟ್ಟವಾಗಿಲ್ಲ, ಆದರೆ ಬಂದಷ್ಟು ಬರಲಿ. ಬಂದ ಗಿಡವೇ ನಾಳೆ ಬೀಜ ಉದುರಿಸುತ್ತದೆ, ಅದಕ್ಕೆ ನನ್ನ ಡಬ್ಬ ಬೇಕಾಗಿಲ್ಲ.

ಮೇಲಿನ ಸಾಲು ಹೊಡೆಯುವ ದಿನ ಯಂತ್ರ ನೆತ್ತಿಗೆ ಹೋಯಿತು. ಅಲ್ಲಿಂದ ಆಚೆ ಬದಿ ಕಾಣುತ್ತದೆ. ಆ ಬದಿಯನ್ನು ಹೋದ ವರ್ಷವೇ ಇಳಿಜಾರು ಮಾಡಿದ್ದರು, ಆಗ ನಾವು ಪರೀಕ್ಷೆಗೆಂದು ಬಿತ್ತಿದ ತುಂಡು ಅಲ್ಲೇ ಇರುವುದು. ಮನೆಯಿಂದ ಕಾಣುವುದಿಲ್ಲ, ಹಾಗಾಗಿ ನೀವೂ ನೋಡಿಲ್ಲ, ಮಾವನೂ ನೋಡಿರಲಿಲ್ಲ. ಗಿಡಗಳು ಈಗ ಮೊಣಕಾಲೆತ್ತರ ಬಂದಿವೆ ಅತ್ತೇ. ಬೂದು ಎಲೆಯ ಪೊದೆ, ಆ ಮುಳ್ಳಿನ ಗಿಡ, ಮಧ್ಯೆ ಮಧ್ಯೆ ಗರಿಗರಿ ಹುಲ್ಲು. ಬೇರೆಯವರ ಕಣ್ಣಿಗೆ ಅದೊಂದು ಕುರುಚಲು ಅಷ್ಟೆ, ನೀರು ಹಾಕುವವರಿಲ್ಲದೆ ಈ ಬಿಸಿಲಿನಲ್ಲಿ ನಿಂತಿದೆ ಎಂಬುದು ನಮಗೆ ಗೊತ್ತು. ಮಾವ ಯಂತ್ರ ಆಫ್ ಮಾಡಿ ಇಳಿದರು. ಬಹಳ ಹೊತ್ತು ಗಿಡಗಳ ನಡುವೆ ಓಡಾಡಿದರು. ಒಂದು ಮೊಲ ಎದ್ದು ಓಡಿದ್ದಕ್ಕೆ ಬೆಚ್ಚಿ, ಆಮೇಲೆ ಮಗುವಿನ ಹಾಗೆ ಅದು ಹೋದ ದಾರಿಯನ್ನೇ ನೋಡುತ್ತ ನಿಂತರು. ‘ಇದು ನಿನ್ನ ಅತ್ತೆ ಸುಲಿದ ಬೀಜಾನಾ?’ ಎಂದು ಕೇಳಿದರು. ಹೌದೆಂದೆ. ಇದೇ ಸಮಯವೆಂದು, ‘ಮಾವ, ನಾದಿನಿ ಕರೀತಿದ್ದಾಳಲ್ಲ, ಏನಂತ ಬರೀಲಿ?’ ಎಂದು ಕೇಳಿಯೇಬಿಟ್ಟೆ.

ಅವರ ಉತ್ತರವನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ: ‘ಅವಳಿಗೆ ಎಲ್ಲಿ ಇಷ್ಟವೋ ಅಲ್ಲಿ. ನನ್ನ ಮಾತು ಕೇಳ್ಕೊಂಡು ಅವಳು ಈ ಧೂಳು ಕುಡಿದಿದ್ದು ಸಾಕು. ಅವಳು ಅಲ್ಲಿರ್ತೀನಿ ಅಂದ್ರೆ ಈ ಕೆಲಸ ಮುಗಿದ ದಿನವೇ ನಾನೂ ಹೊರಡ್ತೀನಿ ಅಂತ ಬರಿ.’ ಇಷ್ಟೇ. ಮುಖ ನೋಡಿ ಅವರ ಮನಸ್ಸಿನಲ್ಲೇನಿದೆ ತಿಳಿಯಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು.

ನನ್ನ ಮನಸ್ಸನ್ನೂ ಹೇಳಿಬಿಡುತ್ತೇನೆ. ನೀವಿಬ್ಬರೂ ಇಲ್ಲೇ ಇರಬೇಕೆಂದು ನನಗೆ ಆಸೆ. ಮದುವೆಯಾಗಿ ಬಂದಾಗ ಅತ್ತೆಯೆಂದರೆ ಹೇಗಿರುತ್ತಾರೋ ಎಂದು ಹೆದರಿದ್ದವಳು, ಈಗ ಟೀ ಮಾಡುವಾಗ ಕೈ ತಾನಾಗಿ ಇನ್ನೊಂದು ಲೋಟ ನೀರು ಇಡುತ್ತದೆ. ಹಾಗೆಂದು ಎಳೆದಾಡುವುದಿಲ್ಲ. ನಾದಿನಿಗೂ ತಾಯಿ ಬೇಕು, ಅದರಲ್ಲೂ ಈಗ. ಅಲ್ಲಿ ನಿಮಗೆ ಮಾತಿಗೆ ಜನರಿದ್ದಾರೆ, ಆಸ್ಪತ್ರೆ ಹತ್ತಿರವಿದೆ, ಮೊಮ್ಮಕ್ಕಳಿದ್ದಾರೆ. ತೀರ್ಮಾನ ನಿಮ್ಮದು, ಯಾವುದಾದರೂ ನನಗೆ ಬೇಸರವಿಲ್ಲ. ಬೇಸರವಾಗುತ್ತದೆ, ಆದರೆ ಹೇಳಿ ತೋರಿಸುವುದಿಲ್ಲ.

ಎರಡೂ ಕೂಸುಗಳ ನಾಲ್ಕು ಅಂಗಾಲಿಗೂ ನನ್ನದೊಂದೊಂದು ಮುತ್ತು. ನಾದಿನಿಗೆ ನೆನಪು. ನಿಮ್ಮ ಪಾದಕ್ಕೆ ನಮಸ್ಕಾರ, ಆಶೀರ್ವಾದವನ್ನು ಅಲ್ಲಿಂದಲೇ ಜೋರಾಗಿ ಮಾಡಿ, ದೂರ ಬಹಳ.

ನಿಮ್ಮ ಒಬ್ಬಳೇ ಸೊಸೆ

ಮರೆತದ್ದು: ಮರೆತದ್ದಲ್ಲ, ಈಗ ತಾನೇ ಕಂಡದ್ದು. ಲಕೋಟೆ ಅಂಟಿಸುವ ಮೊದಲು ಖಾಲಿ ಚೀಲ ತರಲು ದಿಬ್ಬಕ್ಕೆ ಹೋಗಿದ್ದೆ. ಮೂಲೆ ತಿರುಗಿದರೆ, ನಮ್ಮ ಮನೆಗೆ ಕಾಣದ ಪಕ್ಕದಲ್ಲಿ, ನಾವು ಹೊಡೆದ ಸಾಲುಗಳನ್ನು ಸೀಳಿಕೊಂಡು, ಬುಡದಿಂದ ನೆತ್ತಿಯ ತನಕ ಒಂದು ದಾರಿ ಆಗಿದೆ. ಇಬ್ಬರು ಪಕ್ಕಪಕ್ಕದಲ್ಲಿ ನಡೆಯುವಷ್ಟು ಅಗಲ, ಓರೆಯಾಗಿ ನಿಧಾನಕ್ಕೆ ಏರುತ್ತದೆ, ಕಾಲಿಗೆ ಒಂದು ಹರಳೂ ಸಿಗುವುದಿಲ್ಲ. ಮಧ್ಯದಲ್ಲಿ ಕೂರಲು ಒಂದು ಚಪ್ಪಟೆ ಕಲ್ಲು. ಮಾವ ಅಲ್ಲೇ ಇದ್ದರು. ‘ಏನು ಮಾವ ಇದು, ಮಳೆ ಬಂದ್ರೆ ನೀರೆಲ್ಲ ಇದರಲ್ಲೇ ಇಳಿಯುತ್ತೆ, ದಿಬ್ಬ ಕೊಚ್ಚಿಹೋಗುತ್ತೆ’ ಎಂದೆ. ‘ಗೊತ್ತಮ್ಮ’ ಎಂದರು. ‘ಮಂಡಿ ನೋವಿನವಳು ಆ ಒರಟಲ್ಲಿ ಹೇಗೆ ಹತ್ತುತ್ತಾಳೆ? ಒಂದ್ಸಲ ಮೇಲೆ ಬಂದು ಅವಳ ಗಿಡ ನೋಡಲಿ. ಆಮೇಲೂ ಹೋಗೋಣ ಅಂದ್ರೆ ಹೋಗೋಣ. ಅವಳು ಇಳಿದ ತಕ್ಷಣ ನಾನೇ ಕೆದರ್ತೀನಿ.’ ಇದನ್ನು ನಿಮಗೆ ಬರೆಯಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಅತ್ತೇ, ಇಲ್ಲಿ ಮೋಡ ಕಟ್ಟುತ್ತಿದೆ. ಆ ದಾರಿಯನ್ನು ನಾನು ಇವತ್ತೇ ಕೆದರಿಸಬೇಕು. ಕೆದರಿಸಿಲ್ಲ. ಬೇಗ ಬನ್ನಿ.